ಹೊಲಿಗೆಗೆ ಎರಡಿಂಚು ಬಿಟ್ಟ ಪಾರ್ಕು

ನಮ್ಮ ಟೈಲರಿಗೆ ಕೂತಲ್ಲಿ ಕೂರಲು ಬರುವುದಿಲ್ಲ. ಮೂವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತೇ ಸಂಸಾರ ಸಾಗಿಸಿದವರ ಬಗ್ಗೆ ಹೀಗೆ ಹೇಳಿದರೆ ನಂಬುವುದು ಕಷ್ಟ. ಆದರೆ ಸರಿಯಾಗಿ ನೋಡಿದರೆ ಅವರು ಕೂತಿದ್ದದ್ದು ಸೊಂಟದಿಂದ ಮೇಲೆ ಮಾತ್ರ. ಕೆಳಗೆ ಎರಡು ಕಾಲೂ ಪೆಡಲ್ ತುಳಿಯುತ್ತಲೇ ಇದ್ದವು. ಈಗ ಆ ಕಾಲುಗಳಿಗೆ ಯಂತ್ರ ಇದೆಯೋ ಇಲ್ಲವೋ ಎಂಬ ಪರಿವೆಯೇ ಇಲ್ಲ. ಬಸ್ಸಿನ ಸೀಟಿರಲಿ, ಹಲ್ಲಿನ ಡಾಕ್ಟರ ಕುರ್ಚಿಯಿರಲಿ, ಸಾವಿನ ಮನೆಯ ಜಗಲಿಯಿರಲಿ, ಕೂತರೆ ತುಳಿಯುತ್ತವೆ. ಹತ್ತು ನಿಮಿಷ ತುಳಿದ ಮೇಲೆ ಟೈಲರು ತಾವಾಗಿಯೇ ಎದ್ದು ನಿಲ್ಲುತ್ತಾರೆ. ಮುಂದೆ ನಡೆದ ಸಕಲ ಅನಾಹುತಗಳಿಗೂ ಅವರು ಹೀಗೊಂದು ಸಲ ಎದ್ದು ನಿಂತದ್ದೇ ಮೂಲ.

ಅವತ್ತು ಶಾಲೆಯ ಹಾಲಿನಲ್ಲಿ ಬಡಾವಣೆಯವರ ಸಭೆ. ಬಡಾವಣೆಯೆಂದರೆ ಬೆನ್ನಿಗೆ ಬೆನ್ನು ಮಾಡಿ ನಿಂತ ಎರಡು ಸಾಲು ಮನೆ. ಒಂದು ಪೂರ್ವದ ಸಾಲು, ಇನ್ನೊಂದು ಪಶ್ಚಿಮದ ಸಾಲು. ಎರಡರ ಹಿತ್ತಿಲುಗಳ ನಡುವೆ ಅರವತ್ತು ಅಡಿ ಅಗಲ, ತೊಂಬತ್ತು ಅಡಿ ಉದ್ದದ ಖಾಲಿ ಜಾಗ. ಅದರ ನಟ್ಟನಡುವೆ ಒಂದೇ ಒಂದು ಮರ. ಒಡೆದ ಸಿಂಕು, ಹರಿದ ಹಾಸಿಗೆ, ಮೂರು ಕಾಲಿನ ಮೇಜು ಇವೆಲ್ಲ ಅಲ್ಲಿ ಇಪ್ಪತ್ತು ವರ್ಷದಿಂದ ಬಿದ್ದಿದ್ದವು. ಎಸೆದವರು ಎದುರು ಸಾಲಿನವರೇ ಎಂದು ಎರಡು ಸಾಲಿನವರೂ ಆಣೆ ಮಾಡಿ ಹೇಳುತ್ತಿದ್ದರು. ಅಲ್ಲಿ ಸಣ್ಣದೊಂದು ಪಾರ್ಕು ಮಾಡಿಕೊಡಲು ನಗರಸಭೆಗೆ ಇದ್ದಕ್ಕಿದ್ದಂತೆ ಮನಸ್ಸು ಬಂದಿತ್ತು.

"ನಾವು ಕಚೇರಿಲಿ ಕೂತು ನಕ್ಷೆ ಬರೆಯೋ ಕಾಲ ಹೋಯ್ತು," ಎಂದರು ಇಂಜಿನಿಯರ್ ಮೇಡಂ. ಇನ್ನೂ ಚಿಕ್ಕ ವಯಸ್ಸು. ಇಂಥ ಹನ್ನೊಂದು ಪಾರ್ಕು ಅವರ ತಲೆಯ ಮೇಲಿತ್ತು. "ನಿಮ್ಮ ಪಾರ್ಕು, ನಿಮ್ಮ ಐಡಿಯಾ. ಯಾರಾದ್ರೂ ಒಬ್ರು ಮನೆಮನೆಗೂ ಹೋಗಿ ಅಭಿಪ್ರಾಯ ಕೇಳಿ. ಎಲ್ರೂ ಒಪ್ಪಿರೋ ಒಂದು ನಕ್ಷೆ, ಎಲ್ರ ಸಹಿ. ಒಂದಿಂಚಿಗೆ ಎರಡಡಿ ಲೆಕ್ಕ. ಹತ್ತು ದಿನ ಟೈಮು."

"ಹತ್ತು ದಿನದಲ್ಲಿ ಆಗ್ಲಿಲ್ಲ ಅಂದ್ರೆ?" ಎಂದು ಪಶ್ಚಿಮದ ಸಾಲಿನ ಬೇಕರಿಯವನು ಕೇಳಿದ.

"ಆ ಜಾಗದಲ್ಲಿ ಕಸದ ಗಾಡಿ ನಿಲ್ಲಿಸ್ತೀವಿ. ಅದರ ಫೈಲು ಆಗ್ಲೇ ರೆಡಿ ಇದೆ."

"ಎಷ್ಟು ಗಾಡಿ?"

"ಹದಿನಾಲ್ಕು."

"ಈ ಕೆಲಸಕ್ಕೆ ಯಾರು ಮುಂದೆ ಬರ್ತೀರಿ?" ಎಂದು ಮೇಡಂ ಕೇಳಿದ್ದೇ ತಡ, ನಲವತ್ತು ಜನಕ್ಕೆ ತಮ್ಮ ತಮ್ಮ ಚಪ್ಪಲಿಯ ಮೇಲೆ ಎಲ್ಲಿಲ್ಲದ ಆಸಕ್ತಿ ಹುಟ್ಟಿತು. ಸರಿಯಾಗಿ ಆ ಗಳಿಗೆಗೆ ನಮ್ಮ ಟೈಲರ ಹತ್ತು ನಿಮಿಷ ಮುಗಿಯಿತು. ಅವರು ಎದ್ದು ನಿಂತರು.

ಚಪ್ಪಾಳೆ ಬಿತ್ತು. "ಭೇಷ್!" ಎಂದರು ಮುಂದಿನ ಸಾಲಿನಲ್ಲಿದ್ದ ನಿವೃತ್ತ ಹೆಡ್ಮಾಸ್ಟರು. ಟೈಲರ ಮನೆ, ಅಂಗಡಿ ಎರಡೂ ಜಾಗದ ದಕ್ಷಿಣದ ತುದಿಯಲ್ಲಿ, ರಸ್ತೆಯ ಮೂಲೆಗೆ, ಯಾವ ಸಾಲಿಗೂ ಸೇರದಂತೆ ಇದ್ದದ್ದರಿಂದ ಯಾರಿಗೂ ತಕರಾರಿರಲಿಲ್ಲ. ಕಾಲು ಜೋಮು ಹಿಡಿದಿತ್ತು, ಅದಕ್ಕೇ ಎದ್ದೆ ಎಂದು ಹೇಳಲು ಟೈಲರು ಬಾಯಿ ತೆರೆದರು. ಅಷ್ಟರಲ್ಲಿ ಮೇಡಂ, "ಸಂಚಾಲಕರೇ, ನಿಮ್ಮ ಫೋನ್ ನಂಬರ್ ಹೇಳಿ," ಎಂದುಬಿಟ್ಟರು.

ಸಂಚಾಲಕರು! ಟೈಲರು ಬಾಯಿ ಮುಚ್ಚಿದರು. ಬಡಾವಣೆಯಲ್ಲಿ ಇದುವರೆಗೆ ಅವರಿಗಿದ್ದ ಒಂದೇ ಬಿರುದು 'ನಾಳೆ ಮಾಮ'. ಯಾರು ಏನು ಹೊಲಿಯಲು ಕೊಟ್ಟರೂ "ಆಗ್ಲಿ, ಮಾಡೋಣ" ಎನ್ನುವುದು, ಕೇಳಲು ಬಂದಾಗಲೆಲ್ಲ "ನಾಳೆ ಬನ್ನಿ" ಎನ್ನುವುದು, ಇವೆರಡೇ ವಾಕ್ಯದಲ್ಲಿ ಅವರ ವ್ಯಾಪಾರವೆಲ್ಲ ನಡೆಯುತ್ತಿತ್ತು. ಹೊಸ ಹೆಸರು ಅಳತೆ ತೆಗೆದು ಹೊಲಿಸಿದಂತೆ ಮೈಗೆ ಕೂತಿತು. ಅವರು ಫೋನ್ ನಂಬರ್ ಹೇಳಿದರು.

ಮನೆಯಲ್ಲಿ ಹೆಂಡತಿ ಅಂಗಿಯ ಗುಂಡಿಗಳಿಗೆ ಕಾಜಾ ಹೊಲಿಯುತ್ತಿದ್ದಳು. ಟೈಲರು ಯಂತ್ರ ತುಳಿದರೆ, ಕಾಜಾ, ಹುಕ್ಕು, ಕೈಹೊಲಿಗೆ ಎಲ್ಲ ಅವಳದು. ಮೂವತ್ತು ವರ್ಷದಿಂದ ಅದೇ ಗಿಡ್ಡ ಸ್ಟೂಲಿನ ಮೇಲೆ, ಅದೇ ಬಗ್ಗಿದ ಬೆನ್ನು.

"ಕೇಳಿದ್ಯಾ? ನನ್ನನ್ನ ಸಂಚಾಲಕ ಮಾಡಿದ್ದಾರೆ."

"ಮೊದ್ಲು ಮೇಷ್ಟ್ರ ಪ್ಯಾಂಟು ಕೊಡಿ. ಮೂರು ತಿಂಗಳಾಯ್ತು," ಎಂದಳು ಅವಳು, ಸೂಜಿಯಿಂದ ಕಣ್ಣೆತ್ತದೆ.

ಸುದ್ದಿಗೆ ತಕ್ಕ ಮರ್ಯಾದೆ ಕೊಟ್ಟವನು ಅವಳ ತಮ್ಮ. ಈ ಬಾಮೈದನದು ಬಾಡಿಗೆ ಮನೆ ತೋರಿಸುವ ದಳ್ಳಾಳಿ ಕೆಲಸ. ಮಾರನೆಯ ಬೆಳಗಿನ ಹೊತ್ತಿಗೆ ಅವನು, "ಪಾರ್ಕ್ ಡಿಸೈನರ್ ನಮ್ಮ ಭಾವನೇ" ಎಂದು ಊರೆಲ್ಲ ಸಾರಿ, ಎರಡು ಸಾಲಿನ ಖಾಲಿ ಮನೆಗಳನ್ನೂ ಪಾರ್ಕಿಗೆ ಮುಖ ಮಾಡಿದ ಮನೆಗಳೆಂದು ಬೋರ್ಡು ಬರೆಸಿದ್ದ. ಅವು ಪಾರ್ಕಿಗೆ ಬೆನ್ನು ಮಾಡಿ ನಿಂತಿವೆಯಲ್ಲ ಎಂದು ಕೇಳಿದವರಿಗೆ, "ಬಚ್ಚಲ ಕಿಟಕಿ ತೆಗೀರಿ, ಪಾರ್ಕೇ ಪಾರ್ಕು," ಎನ್ನುತ್ತಿದ್ದ.

ಟೈಲರು ಅಳತೆ ಪುಸ್ತಕ ಬಗಲಲ್ಲಿಟ್ಟುಕೊಂಡು, ಟೇಪನ್ನು ಕೊರಳಿಗೆ ಹಾಕಿಕೊಂಡು ಅಭಿಪ್ರಾಯ ಸಂಗ್ರಹಕ್ಕೆ ಹೊರಟರು. ಹೊರಟ ಮೇಲೆ ಒಂದು ತೊಡಕು ಗೊತ್ತಾಯಿತು. ಯಾವ ಮನೆಯ ಬಾಗಿಲು ತಟ್ಟಿದರೂ, ತೆರೆದವರ ಮುಖ ಅರಳುತ್ತಿತ್ತು: "ಅಬ್ಬ, ಅಂತೂ ತಂದ್ರಾ?" ಒಂದು ಮನೆಯವರದು ಅಂಗಿ, ಒಂದು ಮನೆಯವರದು ಪರದೆ, ಇನ್ನೊಂದು ಮನೆಯ ಮಗುವಿನದು ಫ್ರಾಕು. ಆ ಮಗು ಈಗ ಫ್ರಾಕಿನ ಅಳತೆ ಮೀರಿ ಬೆಳೆದು ಬಾಗಿಲ ಚಿಲಕವನ್ನು ತಾನೇ ತೆಗೆಯುತ್ತಿತ್ತು. ಬಡಾವಣೆಯಲ್ಲಿ ಟೈಲರಿಂದ ಬಟ್ಟೆ ಬರಬೇಕಿಲ್ಲದ ಮನೆಯೇ ಇರಲಿಲ್ಲ. ಹೀಗೆ ತಪ್ಪಿತಸ್ಥನಾಗಿ ಹೊಸ್ತಿಲಲ್ಲಿ ನಿಂತವನಿಗೆ, ಆ ಮನೆಯವರು ಪಾರ್ಕಿನಲ್ಲಿ ಹಡಗು ಬೇಕೆಂದರೂ ಇಲ್ಲ ಎನ್ನುವ ಬಾಯಿ ಎಲ್ಲಿಂದ ಬರಬೇಕು?

"ಬರ್ಕೊಳ್ಳಯ್ಯ," ಎಂದರು ಪೂರ್ವದ ಸಾಲಿನ ಹೆಡ್ಮಾಸ್ಟರು. "ಕೂತು ಓದೋಕೆ ಒಂದು ಮಂಟಪ. ಮಕ್ಕಳು ಓಡಬಾರದು. ಓಡಬಾರದು ಅಂತ ಬೋರ್ಡು. ಬೋರ್ಡು ಕಾಣೋ ಹಾಗೆ ದೀಪ."

"ಆಗ್ಲಿ, ಮಾಡೋಣ ಮೇಷ್ಟ್ರೇ."

"ಪ್ಯಾಂಟು?"

"ಅದೂ ಮಾಡೋಣ."

"ಮಕ್ಕಳು ಓಡಬೇಕಣ್ಣಾ," ಎಂದರು ಪಶ್ಚಿಮದ ಸಾಲಿನ ನರ್ಸಮ್ಮ. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರು. "ಸುತ್ತ ಓಡೋಕೆ, ನಡೆಯೋಕೆ ದಾರಿ ಇರಬೇಕು. ಉಯ್ಯಾಲೆ ಇರಬೇಕು. ಆದ್ರೆ ಹಗಲು ಹತ್ತರಿಂದ ನಾಲ್ಕು ಗಂಟೆವರೆಗೆ ಒಂದು ಸೊಳ್ಳೆನೂ ಸದ್ದು ಮಾಡಬಾರದು."

"ಆಗ್ಲಿ, ಮಾಡೋಣ."

ಬೇಕರಿಯವನಿಗೆ ದೀಪ ಅವನ ಹಿತ್ತಿಲ ಕಿಟಕಿಯ ನೇರಕ್ಕೇ ಬೇಕಿತ್ತು. ಅಲ್ಲಿಂದ ಬನ್ನು ಮಾರುವ ಯೋಚನೆ. ಹೀಗೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಇದರ ಮೇಲೆ ಎರಡು ಸಾಲಿಗೂ ಒಂದೇ ಹಟ: ಪಾರ್ಕಿನಲ್ಲಿ ಒಳ್ಳೆಯದೇನಿದ್ದರೂ ನಮ್ಮ ಕಡೆ ಇರಬೇಕು, ಅವರ ಕಡೆ ಒಂದು ಗುಂಡುಸೂಜಿಯಷ್ಟೂ ಹೆಚ್ಚಿರಬಾರದು. ಎಂಟನೆಯ ದಿನಕ್ಕೆ ಅಳತೆ ಪುಸ್ತಕದಲ್ಲಿ ನಲವತ್ತೊಂದು ಮನೆಯ ಐವತ್ತಾರು ಅಭಿಪ್ರಾಯಗಳಿದ್ದವು. ಕೆಲವು ಮನೆಗಳಲ್ಲಿ ಗಂಡ ಹೆಂಡತಿ ಬೇರೆ ಬೇರೆಯಾಗಿ ಕೊಟ್ಟಿದ್ದರು.

"ಎಲ್ರ ಮನೆಗೂ ಹೋಗಿ ಕೇಳ್ತಿದ್ದೀರಿ. ಒಂದು ಮನೆ ಬಿಟ್ಟಿದ್ದೀರಿ," ಎಂದಳು ಹೆಂಡತಿ, ಅವತ್ತು ಅವರು ಒಂದು ಕಾಲು ಚಪ್ಪಲಿಗೆ ತೂರಿಸಿ ಹೊರಡುವಾಗ.

"ಯಾವ್ದೇ?"

"ಇದೇ."

ಟೈಲರು ಹೊಸ್ತಿಲ ಮೇಲೆ ನಿಂತರು. ಹೆಂಡತಿ ದಾರವನ್ನು ಹಲ್ಲಿನಲ್ಲಿ ಕಡಿದು, ಸೂಜಿಯನ್ನು ಕತ್ತುಪಟ್ಟಿಗೆ ಚುಚ್ಚಿಕೊಂಡಳು.

"ನಂಗೊಂದು ಬೆಂಚು ಬೇಕು. ಬೆನ್ನು ಆನಿಸೋ ಹಾಗಿರಬೇಕು. ಮರದ ಕೆಳಗೆ. ಅಲ್ಲಿ ಕೂತ್ರೆ ಈ ಮನೆ ಕಾಣಿಸಬಾರದು."

"ಮನೆ ಏನು ಮಾಡ್ತೇ ನಿಂಗೆ?"

"ಕಂಡ್ರೆ ಎದ್ದು ಬರಬೇಕು ಅನ್ಸುತ್ತೆ. ದಿನಾ ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆ ನನ್ನನ್ನ ಯಾರೂ ಕರೀಬಾರದು."

"ಆಗ್ಲಿ, ಮಾಡೋಣ. ನಾಳೆ ಬರ್ಕೋತೀನಿ."

"ಈಗ್ಲೇ ಬರೀರಿ. ನಿಮ್ಮ ನಾಳೆ ಊರಿಗಿಂತ ಮೊದ್ಲು ನಂಗೆ ಗೊತ್ತು."

ಟೈಲರು ಬರೆದುಕೊಂಡರು. ಐವತ್ತೇಳನೆಯದು, ಬೆಂಚು. ಒಂದು ಕಾಲಿನಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು, ಹಾಗೇ ಬರೆದರು.

ಒಂಬತ್ತನೆಯ ದಿನ ಮಧ್ಯಾಹ್ನ, ಆ ಬೆಳೆದ ಮಗುವಿಗೆ ಹೊಸದಾಗಿ ಅಳತೆ ತೆಗೆದು ಫ್ರಾಕು ಕತ್ತರಿಸುತ್ತಿದ್ದಾಗ ಟೈಲರಿಗೆ ಜ್ಞಾನೋದಯವಾಯಿತು. ಫ್ರಾಕಿನ ಎಡಭಾಗ ಬಲಭಾಗದೊಂದಿಗೆ ಜಗಳವಾಡಿದ್ದನ್ನು ಅವರು ಎಂದೂ ನೋಡಿರಲಿಲ್ಲ. ಯಾಕೆಂದರೆ ಕಾಗದದ ಮೇಲೆ ಬರೆಯುವುದೇ ಅರ್ಧ ಫ್ರಾಕು. ಬಟ್ಟೆಯನ್ನು ಎರಡಾಗಿ ಮಡಿಸಿ, ಮಡಿಸಿದ ಅಂಚಿಗೆ ಸರಿಯಾಗಿ ಆ ಅರ್ಧ ಕಾಗದವಿಟ್ಟು ಕತ್ತರಿಸಿ ಬಿಡಿಸಿದರೆ, ಎರಡು ಕಡೆಯೂ ತದ್ರೂಪು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದರೆ ಇದೇ ಅಲ್ಲವೆ!

ಫ್ರಾಕು ಅಲ್ಲಿಗೇ ನಿಂತಿತು. ಮೇಜಿನ ಮೇಲೆ ದೊಡ್ಡ ಕಂದು ಕಾಗದ ಹರಡಿತು. ಟೈಲರು ಮೂವತ್ತು ವರ್ಷದ ಕೈಚಳಕವನ್ನೆಲ್ಲ ಹಾಕಿ ಅರ್ಧ ಪಾರ್ಕು ಬರೆದರು. ಮಡಿಸಿದ ಅಂಚಿನ ಮೇಲೆ ಅರ್ಧ ಮರ, ಅದರ ಪಕ್ಕದಲ್ಲಿ ಉತ್ತರಕ್ಕೆ ಮುಖ ಮಾಡಿದ ಅರ್ಧ ಬೆಂಚು. ಆಚೆಗೆ ಒಂದು ಉಯ್ಯಾಲೆ, ಒಂದು ಮಂಟಪ, ಒಂದು ದೀಪ, ಒಂದು ಬೋರ್ಡು, ಅಂಚಿನುದ್ದಕ್ಕೂ ನಡೆಯುವ ದಾರಿ. ಅಭ್ಯಾಸಬಲದಿಂದ, 'ಮಡಿಸಿದ ಅಂಚು, ಇಲ್ಲಿ ಕತ್ತರಿಸಬಾರದು' ಎಂದು ಬರೆದರು. ಅಭ್ಯಾಸಬಲದಿಂದಲೇ ಉಳಿದ ಮೂರು ಬದಿಗೂ ಹೊಲಿಗೆಗೆಂದು ಎರಡೆರಡು ಇಂಚು ಹೆಚ್ಚಿಗೆ ಬಿಟ್ಟರು. ಬೇರೆ ಟೈಲರುಗಳು ಒಂದಿಂಚು ಬಿಡುತ್ತಾರೆ. ನಮ್ಮವರು ಎರಡು. ಮನುಷ್ಯ ದಪ್ಪಗಾಗುವುದನ್ನು ಯಾರೂ ತಡೆಯಲಾರರು, ಬಿಚ್ಚಿ ಅಗಲ ಮಾಡಿಕೊಳ್ಳಲು ಬಟ್ಟೆ ಇರಬೇಕು ಎಂಬುದು ಅವರ ತತ್ತ್ವ. ಹೊಲಿಗೆ ಎಲ್ಲಿ ಬೀಳಬೇಕೆಂದು ಬೇರೆ ಗೆರೆ ಎಳೆಯುವುದು ಕೆಲಸ ಕಲಿಯುವವರಿಗೆ. ಅನುಭವಸ್ಥರಿಗೆ ಅದು ಬೆರಳಿನಲ್ಲೇ ಇರುತ್ತದೆ.

ಸಂಜೆ ಎರಡು ಸಾಲಿನವರೂ ಅಂಗಡಿಯ ಮುಂದೆ ಸೇರಿದರು. ಟೈಲರು ಹಸಿರು ಲೈನಿಂಗ್ ಬಟ್ಟೆಯನ್ನು ಮಡಿಸಿ, ಮೇಲೆ ಕಾಗದವಿಟ್ಟು, ಕತ್ತರಿಸಿ, ಎರಡು ಪದರಕ್ಕೂ ಸೀಮೆಸುಣ್ಣದಿಂದ ಗುರುತು ಹಾಕಿದರು. ಆಮೇಲೆ ಎರಡು ತುದಿ ಹಿಡಿದು ಒಂದು ಸಲ ಕೊಡವಿದರು. ಇಡೀ ಪಾರ್ಕು ಕಣ್ಣ ಮುಂದೆ ಬಿಚ್ಚಿಕೊಂಡಿತು. ಪೂರ್ವಕ್ಕೊಂದು ಉಯ್ಯಾಲೆ, ಪಶ್ಚಿಮಕ್ಕೊಂದು ಉಯ್ಯಾಲೆ. ಅಲ್ಲೊಂದು ಮಂಟಪ, ಇಲ್ಲೊಂದು ಮಂಟಪ. ನಡುವೆ ಮರ, ಮರದ ಕೆಳಗೆ ಬೆಂಚು. ಹೆಡ್ಮಾಸ್ಟರು ಟೇಪು ಕಿತ್ತುಕೊಂಡು ಎರಡು ಕಡೆಯೂ ಅಳೆದರು. ಮೋಸವಾಗಿದೆಯೆಂದು ಬೇಕರಿಯವನು ಮತ್ತೊಮ್ಮೆ ಅಳೆದ. ಒಂದು ನೂಲಿನ ವ್ಯತ್ಯಾಸವಿರಲಿಲ್ಲ.

"ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನ್ಯಾಯ ಅಂತ ನೋಡ್ದೆ ಕಣಯ್ಯಾ," ಎಂದರು ಹೆಡ್ಮಾಸ್ಟರು.

ಬಟ್ಟೆಯ ಮೇಲೆ ಸಹಿ ನಿಲ್ಲುವುದಿಲ್ಲವೆಂದು ಎಲ್ಲರೂ ಕಂದು ಕಾಗದದ ಬೆನ್ನಿಗೆ ಸಹಿ ಹಾಕಿದರು. ಹಸಿರು ಬಟ್ಟೆಯನ್ನು ಹೆಂಡತಿ ಯಂತ್ರಕ್ಕೆ ಹೊದಿಸಿದಳು. ಅವಳು ಏನನ್ನೂ ಎಸೆಯುವವಳಲ್ಲ. ಹತ್ತನೆಯ ದಿನ ಸಂಜೆ, ಕಚೇರಿ ಮುಚ್ಚಲು ಐದು ನಿಮಿಷವಿದೆ ಎನ್ನುವಾಗ ಟೈಲರು ಏದುಸಿರು ಬಿಡುತ್ತ ಕಾಗದವನ್ನು ಗುಮಾಸ್ತರ ಮುಂದಿಟ್ಟರು.

ಗುಮಾಸ್ತರು ಸೀಲು ತೆಗೆದು, ಜಾಗ ಹುಡುಕಿ, 'ಮಡಿಸಿದ ಅಂಚು' ಎಂಬ ಅಕ್ಷರಗಳ ನೆತ್ತಿಗೇ ಧಡ್ ಎಂದು ಬಾರಿಸಿದರು.

"ಸ್ವಾಮಿ, ಇದನ್ನ ಮಡಿಸಿದ ಅಂಚಿಗೆ ಇಟ್ಟು ನೋಡ್ಬೇಕು ಅಂತ ಮೇಡಂಗೆ ಹೇಳಿ," ಎಂದರು ಟೈಲರು.

"ಮಡಿಸಿಯೇ ಇಡ್ತೀವ್ರೀ, ನಮಗೆ ಗೊತ್ತಿಲ್ವಾ?" ಎಂದ ಗುಮಾಸ್ತರು ಕಾಗದವನ್ನು ಎಂಟಾಗಿ ಮಡಿಸಿ ಫೈಲಿಗೆ ತುರುಕಿದರು.

ಒಂದೂವರೆ ತಿಂಗಳ ಮೇಲೆ ಒಂದು ಬೆಳಿಗ್ಗೆ ಮೇಡಂ, ಮೂವರು ಕೆಲಸದವರು ಮತ್ತು ಎರಡು ಮೂಟೆ ಸುಣ್ಣದ ಪುಡಿ ಬಂದಿಳಿದವು. ಕಸವೆಲ್ಲ ತೆಗೆಸಿಯಾಗಿತ್ತು. ಕಾಗದದಲ್ಲಿ ಮರ ಒಂದು ಅಂಚಿಗಿತ್ತು. ಆದ್ದರಿಂದ ಮೇಡಂ ಮರಕ್ಕೆ ಟೇಪು ಸಿಕ್ಕಿಸಿ ಪೂರ್ವಕ್ಕೆ ಅಳೆಯಲು ಹೇಳಿದರು. ಕಾಗದದ ಅಗಲ ಹದಿನೇಳು ಇಂಚು, ಅಂದರೆ ನೆಲದ ಮೇಲೆ ಮೂವತ್ತನಾಲ್ಕು ಅಡಿ. ಜಾಗವಿದ್ದದ್ದು ಮೂವತ್ತು. ನಕ್ಷೆಯ ಮುಂದೆ ನೆಲದ ಮಾತು ನಡೆಯುವುದಿಲ್ಲವೆಂದು ನಂಬಿದ ಕೆಲಸದವನು ಸುಣ್ಣದ ಡಬ್ಬದೊಂದಿಗೆ ಹೆಡ್ಮಾಸ್ಟರ ಹಿತ್ತಿಲ ಗೋಡೆ ಹತ್ತಿ ಆಚೆಗೆ ಧುಮುಕಿದ. ಗೋಡೆಯಾಚೆ ಬಚ್ಚಲು. ಬಚ್ಚಲಲ್ಲಿ ಹೆಡ್ಮಾಸ್ಟರು.

"ಯಾರಯ್ಯಾ ಅದು?" ಎಂಬ ಗರ್ಜನೆ ಕಿಟಕಿಯಿಂದ ಬಂತು.

"ಪಾರ್ಕು ಸಾರ್. ಸ್ವಲ್ಪ ಆ ಬಕೆಟ್ ಸರಿಸ್ತೀರಾ?"

ಟವೆಲ್ಲಿನಲ್ಲಿ ಹೆಡ್ಮಾಸ್ಟರು ಹೊರಬಿದ್ದರು. ಅವರ ಹಿಂದೆ ಪೂರ್ವದ ಸಾಲಿನವರೆಲ್ಲ ಹೊರಬಿದ್ದರು. ಒಬ್ಬರ ಕೋಳಿಗೂಡು, ಇನ್ನೊಬ್ಬರ ನೀರಿನ ತೊಟ್ಟಿ, ಮತ್ತೊಬ್ಬರ ಅಡುಗೆಮನೆಯ ಅರ್ಧ ಒಲೆ ಸುಣ್ಣದ ಗೆರೆಯೊಳಗೆ ಸೇರಿತ್ತು. "ಮನೆ ಒಡೀತಾರಂತೆ!" ಎಂಬ ಕೂಗೆದ್ದಿತು. ಆ ಗದ್ದಲಕ್ಕೆ ನರ್ಸಮ್ಮನ ನಿದ್ದೆ ಹಾರಿತು. ಅವರು ಹಿತ್ತಿಲಿಗೆ ಬಂದು ಕಣ್ಣುಜ್ಜಿ ನೋಡಿದರು.

"ಮೇಡಂ, ಎಲ್ಲ ಗೆರೆನೂ ಆ ಕಡೆನೇ ಇದೆ. ನಮ್ಮ ಕಡೆ ಏನಿದೆ?"

"ನಿಮ್ಮ ಕಡೆ ನಕ್ಷೆಯಲ್ಲಿ ಏನೂ ತೋರಿಸಿಲ್ಲಮ್ಮ. ಜಾಗ ಉಳೀತಲ್ಲ, ಅದಕ್ಕೆ ಅರ್ಧ ಗಾಡಿ ಇಲ್ಲೇ ನಿಲ್ಲಿಸ್ತೀವಿ."

"ಯಾವ ಗಾಡಿ?"

"ಕಸದ ಗಾಡಿ. ಏಳು."

ಹೀಗೆ, ಎಲ್ಲವೂ ಸಿಕ್ಕಿದ ಪೂರ್ವದವರು ಬಚ್ಚಲು ಕಳೆದುಕೊಂಡು, ಏನೂ ಸಿಗದ ಪಶ್ಚಿಮದವರು ಕಸದ ಗಾಡಿ ಪಡೆದುಕೊಂಡು, ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಒಂದಾಗಿ ಟೈಲರ ಅಂಗಡಿಗೆ ನುಗ್ಗಿದರು. ಟೈಲರು ಹಿಂಬಾಗಿಲಿನಿಂದ ಹೊರಡುವ ಯೋಚನೆಯಲ್ಲಿದ್ದರು, ಹಿಂಬಾಗಿಲಿನಲ್ಲಿ ಬೇಕರಿಯವನಿದ್ದ. ಅವರನ್ನು ಮರದ ಕೆಳಗೆ ತಂದು, ಬಕೆಟ್ಟೊಂದನ್ನು ಬೋರಲು ಹಾಕಿ ಕೂರಿಸಿದರು. ಕಾಲು ತುಳಿಯತೊಡಗಿತು.

"ಮೇಷ್ಟ್ರೇ, ಅದು ಹೊಲಿಗೆಗೆ ಬಿಟ್ಟಿದ್ದು. ಅದು ಒಳಗೆ ಹೋಗುತ್ತೆ," ಎಂದರು ಟೈಲರು.

"ಒಳಗೆ ಹೋಗುತ್ತಾ? ಆಗ್ಲೇ ಹೋಗಿದೆ ಕಣಯ್ಯಾ, ನನ್ನ ಬಚ್ಚಲೊಳಗೆ!"

"ನಮಗೆ ಮೋಸ ಮಾಡಿದ್ರಲ್ಲ ಅಣ್ಣಾ. ಪರದೆನೂ ಕೊಡ್ಲಿಲ್ಲ, ಪಾರ್ಕೂ ಕೊಡ್ಲಿಲ್ಲ," ಎಂದರು ನರ್ಸಮ್ಮ.

"ಇವರ ಬಾಮೈದನ್ನ ಕೇಳಿ. ಡಿಸೈನರ್ ಭಾವ ಅಂತ ಬೋರ್ಡು ಹಾಕಿಸಿದ್ದ," ಎಂದ ಬೇಕರಿಯವನು. ಬಾಮೈದ ಗುಂಪಿನ ಅಂಚಿನಲ್ಲಿದ್ದ. "ನೋಡಿ, ನಮ್ಮ ಅಕ್ಕನ್ನ ಈ ಮನೆಗೆ ಕೊಟ್ಟಿದ್ದೀವಿ, ಅಷ್ಟೇ. ಬೇರೆ ಸಂಬಂಧ ಏನಿಲ್ಲ," ಎಂದು ಹೇಳಿ ಸ್ಕೂಟರಿನ ಕಡೆಗೆ ಹೆಜ್ಜೆ ಹಾಕಿದ.

ಮೇಡಂ ಕಾಗದವನ್ನು ತಿರುಗಿಸಿ ತೋರಿಸಿದರು. "ಇಲ್ಲಿ ನೋಡಿ, ನಿಮ್ಮೆಲ್ರ ಸಹಿ. ಇದು ಬೇಡ ಅಂದ್ರೆ ಇವತ್ತೇ ಹೇಳಿ. ಮತ್ತೆ ಮೊದಲಿಂದ ಅಭಿಪ್ರಾಯ ಸಂಗ್ರಹ ಮಾಡ್ಬೇಕು. ಅಷ್ಟರೊಳಗೆ ಹದಿನಾಲ್ಕೂ ಗಾಡಿ ಬಂದಿರುತ್ತೆ. ಸಂಚಾಲಕರೇ, ಏನು ಮಾಡೋಣ?"

ಟೈಲರ ಬಾಯಿಗೆ "ನಾಳೆ ಬನ್ನಿ" ಎಂಬುದು ತಾನಾಗಿಯೇ ಬಂತು. ಅದನ್ನು ಉಗುಳಲೂ ಆಗದೆ ನುಂಗಲೂ ಆಗದೆ ಬಕೆಟ್ಟಿನ ಮೇಲೆ ಒದ್ದಾಡಿದರು. ಹೇಳಬೇಕಾದದ್ದೆಲ್ಲ ಅವರ ಬೆರಳುಗಳಲ್ಲಿತ್ತು, ನಾಲಿಗೆಗೆ ಬರಲಿಲ್ಲ. ಅಂಥ ನಾಚಿಕೆ ಅವರಿಗೆ ಜನ್ಮದಲ್ಲಿ ಆಗಿರಲಿಲ್ಲ.

ಆಗ ಅಂಗಡಿಯಿಂದ ಅವರ ಹೆಂಡತಿ ಹೊರಬಂದಳು. ಕತ್ತುಪಟ್ಟಿಯಲ್ಲಿ ಸೂಜಿ, ಕೈಯಲ್ಲಿ ಯಂತ್ರದ ಮೇಲಿನ ಹಸಿರು ಬಟ್ಟೆ. ಅವಳಿಗೆ ಹೆಡ್ಮಾಸ್ಟರ ಬಚ್ಚಲಿನ ಚಿಂತೆಯಿರಲಿಲ್ಲ, ಗಂಡನ ಬಿರುದಿನ ಚಿಂತೆಯೂ ಇರಲಿಲ್ಲ. ಮರದ ಪಕ್ಕದಲ್ಲಿ ಬೆಂಚಿಗೆಂದು ಹಾಕಿದ ಸುಣ್ಣದ ಗುರುತನ್ನು ಅವಳು ಕಿಟಕಿಯಿಂದ ನೋಡಿದ್ದಳು. ಅದಕ್ಕೆ ಅಂಟಿಕೊಂಡೇ ಕಸದ ಗಾಡಿಯ ಗೆರೆ. ಅವಳ ಅರ್ಧ ಗಂಟೆಯ ಮೂಗಿನ ಕೆಳಗೇ ಏಳು ಗಾಡಿ ನಿಲ್ಲುವುದಿತ್ತು.

"ಜರುಗಿ," ಎಂದಳು. ಜನ ಜರುಗಿದರು. ಬಟ್ಟೆಯನ್ನು ನೆಲಕ್ಕೆ ಹಾಸಿ, ಮಡಿಸಿ, ಮೇಡಂ ಕೈಯಿಂದ ಕಾಗದ ತೆಗೆದುಕೊಂಡು ಅದರ ಮೇಲಿಟ್ಟಳು. 

"ಮೇಡಂ, ನೀವು ಹಾಕ್ಕೊಂಡಿರೋ ಅಂಗಿಗೆ ಎಡಗಡೆಗೊಂದು ಬಲಗಡೆಗೊಂದು ನಕ್ಷೆ ಬರ್ದಿದ್ದಾರೆ ಅಂದ್ಕೊಂಡ್ರಾ? ಅರ್ಧನೇ ಬರೆಯೋದು. ಬಿಡಿಸಿದ್ರೆ ಪೂರ್ತಿ." ಬಟ್ಟೆಯನ್ನು ಬಿಡಿಸಿದಳು. "ಸುತ್ತ ಎರಡಿಂಚು ಹೊಲಿಗೆಗೆ ಒಳಗೆ ಮಡಿಸಬೇಕು. ಮಡಿಸಿದ್ರೆ ಮೇಷ್ಟ್ರ ಬಚ್ಚಲು ಮೇಷ್ಟ್ರಿಗೆ."

ಮೇಡಂ ಬಟ್ಟೆ ನೋಡಿದರು, ಕಾಗದ ನೋಡಿದರು, ತಮ್ಮ ಅಂಗಿಯನ್ನೂ ಒಮ್ಮೆ ಬಗ್ಗಿ ನೋಡಿಕೊಂಡರು. "ಅರ್ಥ ಆಯ್ತಮ್ಮ. ಆದ್ರೆ ಮಂಜೂರಾಗಿರೋದು ಕಾಗದ. ಬಟ್ಟೆಗೆ ನಾನು ಏನು ಮಾಡ್ಲಿ?"

"ಈ ಸೀಲು ಯಾರದು?"

"ನಮ್ದೇ."

"ಅದರ ಕೆಳಗೆ ಏನು ಬರ್ದಿದೆ, ಓದಿ."

ಮೇಡಂ ಕಾಗದವನ್ನು ಬೆಳಕಿಗೆ ಹಿಡಿದು ಓದಿದರು. "ಮಡಿಸಿದ ಅಂಚು. ಇಲ್ಲಿ ಕತ್ತರಿಸಬಾರದು."

"ನಿಮ್ಮ ಕಚೇರಿನೇ ಒಪ್ಕೊಂಡು ಸೀಲು ಹಾಕಿದೆ. ಕತ್ತರಿಸಬಾರದು ಅಂತ ಒಪ್ಕೊಂಡ ಕಡೆನೇ ಕತ್ತರಿಸಿ ಆ ಕಡೆ ಕಸ ಸುರೀತೀರಾ?"

ಹನ್ನೊಂದು ಪಾರ್ಕಿನ ಭಾರ ಹೊತ್ತ ಆ ಹೆಣ್ಣುಮಗಳ ಮುಖದಲ್ಲಿ ಮೊದಲು ಗಾಬರಿ, ಆಮೇಲೆ ನಗು ಕಾಣಿಸಿತು. ಕಚೇರಿಯ ಸೀಲು ತಪ್ಪೆಂದು ಹೇಳುವ ಧೈರ್ಯ ಕಚೇರಿಯಲ್ಲಿ ಯಾರಿಗೂ ಇಲ್ಲವೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. "ಸರಿ," ಎಂದರು. "ಮಡಿಕೆನೂ ಮಂಜೂರಾಗಿದೆ ಅಂತ ಬರೀತೀನಿ. ಆ ಕಡೆನೂ ಗೆರೆ ಹಾಕ್ರಪ್ಪಾ."

ಆ ಮಧ್ಯಾಹ್ನ ಬಡಾವಣೆಯೇ ಸುಣ್ಣ ಹಿಡಿದು ಬಗ್ಗಿತು. ಹೆಡ್ಮಾಸ್ಟರು ಟವೆಲ್ಲಿನಲ್ಲೇ ನಿಂತು ಪೂರ್ವದ ಅಳತೆ ಕೂಗಿದರು, ಬೇಕರಿಯವನು ಪಶ್ಚಿಮದಲ್ಲಿ ಅದನ್ನೇ ಹಾಕಿದ. ಬಾಮೈದ ಸ್ಕೂಟರ್ ನಿಲ್ಲಿಸಿ ವಾಪಸು ಬಂದು, "ನಮ್ಮಕ್ಕ! ಚಿಕ್ಕಂದಿನಿಂದ್ಲೂ ಹಿಂಗೇ," ಎಂದು ಗುರುತಿಲ್ಲದವರಿಗೂ ಹೇಳುತ್ತಿದ್ದ. ಗೆರೆಗಳೇನೋ ಎರಡು ಕಡೆಯೂ ಬಿದ್ದವು. ಆದರೆ ಸಾಮಾನನ್ನು ಮೊದಲೇ ಕಾಗದ ನೋಡಿ ಮಾಡಿಸಿಯಾಗಿತ್ತು. ಬಂದದ್ದು ಒಂದು ಉಯ್ಯಾಲೆ, ಒಂದು ಮಂಟಪ, ಒಂದು ದೀಪ, ಒಂದು ಬೋರ್ಡು. ಇನ್ನೊಂದು ಜೊತೆ ಮುಂದಿನ ವರ್ಷಕ್ಕೆ ಎಂದರು. ಉಯ್ಯಾಲೆ ವಾರಕ್ಕೆ ಮೂರು ದಿನ ಪೂರ್ವಕ್ಕೆ, ಮೂರು ದಿನ ಪಶ್ಚಿಮಕ್ಕೆ ಎಂದು ತೀರ್ಮಾನವಾಗಿದೆ. ಭಾನುವಾರದ ಜಗಳ ಈಗಲೂ ಭಾನುವಾರ ಬೆಳಿಗ್ಗೆ ಏಳಕ್ಕೇ ಶುರುವಾಗುತ್ತದೆ. ಓಡಬಾರದು ಎಂಬ ಬೋರ್ಡನ್ನು ಮಕ್ಕಳು ಓಟದ ಗುರಿಗಂಬ ಮಾಡಿಕೊಂಡಿದ್ದಾರೆ.

ಬೆಂಚು ಮಾತ್ರ ಕೊನೆಗೆ ಬಂತು. ಗಾಡಿಯಿಂದ ಇಳಿಸುವಾಗ ಟೈಲರು ತಲೆಯ ಮೇಲೆ ಕೈ ಹೊತ್ತರು. ಕಾಗದದಲ್ಲಿ ಅರ್ಧ ಬೆಂಚಿತ್ತು. ಬಡಗಿ ಅರ್ಧ ಬೆಂಚನ್ನೇ ಮಾಡಿದ್ದ. ಬಲಗಡೆಗೆ ಕೈಯಾನಿಸುವ ಚೆಂದದ ಹಿಡಿ, ಎಡಗಡೆಗೆ ಗರಗಸದಲ್ಲಿ ಕುಯ್ದಂತೆ ಏನೂ ಇಲ್ಲ. ಅಗಲ ಎರಡೂವರೆ ಅಡಿ. ಒಬ್ಬರು ಕೂರಬಹುದು, ಒಬ್ಬರು ಮತ್ತು ಒಂದು ಚೀಲ ಎಂದರೆ ಯೋಚಿಸಬೇಕು.

"ವಾಪಸ್ ಕಳಿಸ್ತೀನಿ ಕಣೇ. ಪೂರ್ತಿದು ಮಾಡಿಸೋಣ," ಎಂದರು ಟೈಲರು, ದನಿ ಸಣ್ಣದಾಗಿ.

"ಮುಟ್ಟಿದ್ರೆ ನೋಡಿ," ಎಂದಳು ಅವಳು.

ಅವತ್ತು ಸಂಜೆ ಅವಳು ಕೊನೆಯ ಕಾಜಾ ಮುಗಿಸಿ, ಸೂಜಿಯನ್ನು ಗೋಡೆಯ ಕ್ಯಾಲೆಂಡರಿಗೆ ಚುಚ್ಚಿ, ಯಾರಿಗೂ ಹೇಳದೆ ನಡೆದುಹೋದಳು. ಟೈಲರು ಅಂಗಡಿಯಿಂದ ನೋಡುತ್ತಿದ್ದರು. ಅವಳು ಮನೆಗೆ ಬೆನ್ನು ಮಾಡಿ ಕೂತಳು. ಸ್ವಲ್ಪ ಹೊತ್ತು ಅಭ್ಯಾಸದಂತೆ ಮುಂದಕ್ಕೆ ಬಗ್ಗಿಯೇ ಇದ್ದಳು. ಆಮೇಲೆ ನಿಧಾನವಾಗಿ, ನಂಬಿಕೆಯಿಲ್ಲದವಳಂತೆ, ಹಿಂದಕ್ಕೆ ಒರಗಿದಳು. ಮೂವತ್ತು ವರ್ಷದಲ್ಲಿ ಆ ಬೆನ್ನು ನೆಟ್ಟಗೆ ಒರಗಿದ್ದನ್ನು ಟೈಲರು ನೋಡಿದ್ದು ಅದೇ ಮೊದಲು. ಮೇಜಿನ ಮೇಲಿದ್ದ ಹೆಡ್ಮಾಸ್ಟರ ಪ್ಯಾಂಟನ್ನು ತೆಗೆದುಕೊಂಡು ಒಂದೇ ಉಸಿರಿಗೆ ಹೊಲಿದು ಮುಗಿಸಿದರು. ಅಷ್ಟಾದರೂ ಮನಸ್ಸು ತಡೆಯಲಿಲ್ಲ. ಎದ್ದು ಮರದವರೆಗೂ ಹೋಗಿ, ಬೆಂಚಿನ ಪಕ್ಕದಲ್ಲಿ ನಿಂತರು. ಒಂದು ಕಾಲು ನಿಂತಲ್ಲೇ ತುಳಿಯುತ್ತಿತ್ತು.

"ಇವಳೇ," ಎಂದರು ಮೆಲ್ಲಗೆ. "ಸ್ವಲ್ಪ ಸರಿದ್ರೆ ನಾನೂ ಕೂತ್ಕೋತೀನಿ."

ಅವಳು ಕಣ್ಣು ತೆರೆಯಲಿಲ್ಲ.

"ಆಗ್ಲಿ, ಮಾಡೋಣ," ಎಂದಳು. "ನಾಳೆ ಬನ್ನಿ."